ಜೋಸೆಫ್ ಫೂರಿಯೇ: ಮೇರೆಗಳ ಗಣಿತವನ್ನು ತೋರಿಸಿಕೊಟ್ಟ ಮಹನೀಯನು

ಹೈಸ್ಕೂಲಿನಲ್ಲಿ ಬೀಜಗಣಿತವನ್ನು ಕಲಿತ ಹಳೆಯ ವಿದ್ಯಾರ್ಥಿನಿಯರಿಗೆ ಸಮೀಕರಣಗಳ ನೆನಪು ಇನ್ನೂ ಇರಬಹುದು. ಎರಡು ಸಮೀಕರಣಗಳನ್ನು ಚೌಕಳಿ ಕಾಗದದ ಮೇಲೆ ಎರಡು ಸರಳರೇಖೆಗಳಾಗಿ ಎಳೆದು, ಅವು ಒಂದನ್ನೊಂದು ಛೇದಿಸುವ ಬಿಂದುವನ್ನು ಗುರುತಿಸಿದರೆ ಲೆಕ್ಕವು ಮುಗಿಯಿತು. ಉತ್ತರವು ಒಂದೇ, ಅದೊಂದು ಸರಿ, ಮಿಕ್ಕುದೆಲ್ಲವೂ ತಪ್ಪು. ಆದರೆ ಶಾಲೆಯನ್ನು ಬಿಟ್ಟು ಮನೆವಾರ್ತೆಯನ್ನು ವಹಿಸಿಕೊಂಡ ಮೇಲೆ ನಮಗೆದುರಾಗುವ ಲೆಕ್ಕಗಳ ರೀತಿಯೇ ಬೇರೆ. ವೆಚ್ಚವು ವರಮಾನವನ್ನು ಮೀರಕೂಡದು. ಮಕ್ಕಳ ಹಾಲು ಇಷ್ಟಕ್ಕಿಂತ ಕಡಮೆಯಾಗಕೂಡದು. ದಿನದ ಕೆಲಸವು ದಿನದ ಹೊತ್ತಿನೊಳಗೆ ಅಡಗಬೇಕು. ಇಲ್ಲಿ ಒಂದು ಮತ್ತೊಂದಕ್ಕೆ ಸರಿಸಮನಾಗಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ದಾಟಬಾರದ ಮೇರೆಗಳು ಮಾತ್ರ ಇರುತ್ತವೆ. ಆ ಮೇರೆಗಳೊಳಗೆ ನಡೆಯಲು ಎಷ್ಟು ಎಡೆಯಿದೆಯೆಂಬುದೇ ಪ್ರಶ್ನೆ.

ಇಂಥ ಮೇರೆಗಳನ್ನು ಗಣಿತದಲ್ಲಿ ಅಸಮತೆಗಳೆಂದು ಕರೆಯುವರು. ಅನೇಕ ಅಸಮತೆಗಳನ್ನು ಒಟ್ಟಾಗಿ ತೆಗೆದುಕೊಂಡು, ಅವೆಲ್ಲವನ್ನೂ ಒಮ್ಮೆಗೆ ತೃಪ್ತಿಪಡಿಸುವ ಪ್ರದೇಶವನ್ನು ಚಿತ್ರದ ಮೂಲಕ ಕಾಣುವ ಕ್ರಮವನ್ನು ಮೊದಲಿಗೆ ಗಂಭೀರವಾಗಿ ಆಲೋಚಿಸಿದವರಲ್ಲಿ ಫ್ರಾನ್ಸ್ ದೇಶದ ಜೋಸೆಫ್ ಫೂರಿಯೇ ಎಂಬವನು ಅಗ್ರಗಣ್ಯನು. ಉಷ್ಣದ ಚಲನೆಯನ್ನು ಕುರಿತ ಶಾಸ್ತ್ರದಿಂದ ಆತನ ಹೆಸರು ಲೋಕಪ್ರಸಿದ್ಧವಾಗಿದೆ. ಆದರೆ ಮುಪ್ಪಿನಲ್ಲಿ ಆತನು ಬರೆದಿಟ್ಟ ಅಸಮತೆಗಳ ವಿಚಾರವನ್ನು ಅವನ ಕಾಲದವರು ಗಣನೆಗೆ ತಂದುಕೊಳ್ಳಲಿಲ್ಲ. ಆ ಮಹನೀಯನ ಜೀವಿತವನ್ನು ನಮ್ಮ ವಾಚಕರ ಮುಂದೆ ಸಂಕ್ಷೇಪವಾಗಿ ಇಡಲಿಚ್ಛಿಸುತ್ತೇವೆ.

ಫೂರಿಯೇ 1768ನೆಯ ಇಸವಿ ಮಾರ್ಚ್ 21ರಂದು ಫ್ರಾನ್ಸಿನ ಓಸೆರ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ದರ್ಜಿ, ಮನೆಯಲ್ಲಿ ಮಕ್ಕಳು ಬಹಳ. ಬಾಲಕನಿಗೆ ಒಂಬತ್ತು ವರುಷವಾಗಿದ್ದಾಗ ತಾಯಿಯು ತೀರಿಕೊಂಡಳು. ಮರುವರುಷ ತಂದೆಯೂ ಹೋದನು. ಹೀಗೆ ಅನಾಥನಾದ ಹುಡುಗನ ವಿನಯವನ್ನೂ ಬುದ್ಧಿಯನ್ನೂ ಕಂಡು ಮೆಚ್ಚಿದ ಒಬ್ಬ ಮಹಿಳೆಯು ಆ ಊರಿನ ಬಿಷಪರಿಗೆ ಅವನನ್ನು ಶಿಫಾರಸು ಮಾಡಿದಳೆಂದೂ, ಅವರು ಅವನನ್ನು ಬೆನೆಡಿಕ್ಟೀನ್ ಸನ್ಯಾಸಿಗಳು ನಡಿಸುತ್ತಿದ್ದ ಸೈನಿಕ ಪಾಠಶಾಲೆಗೆ ಸೇರಿಸಿದರೆಂದೂ ಅವನ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಒಬ್ಬ ಸ್ತ್ರೀಯ ಒಂದು ಒಳ್ಳೆಯ ಮಾತಿನಿಂದ ಒಂದು ಜೀವಿತವು ದಾರಿಗೆ ಬಂತು.

ಆ ಶಾಲೆಯಲ್ಲಿ ಫೂರಿಯೇಗೆ ಗಣಿತದ ರುಚಿ ಹತ್ತಿತು. ಹಗಲಿನ ಪಾಠವು ಸಾಲದೆ, ಎಲ್ಲರೂ ಮಲಗಿದ ಬಳಿಕ ಓದುವುದಕ್ಕಾಗಿ ಅವನು ಅಡಿಗೆಯ ಮನೆಯಲ್ಲಿಯೂ ಮೊಗಸಾಲೆಗಳಲ್ಲಿಯೂ ಉಳಿದ ಮೇಣಬತ್ತಿಯ ತುಂಡುಗಳನ್ನು ಆಯ್ದುಕೊಂಡು ಬರುತ್ತಿದ್ದನಂತೆ. ಹದಿನಾಲ್ಕನೆಯ ವರುಷದೊಳಗೆ ಬೇಝೂ ಎಂಬ ಪಂಡಿತನ ಗಣಿತಗ್ರಂಥದ ಆರು ಸಂಪುಟಗಳನ್ನೂ ಓದಿ ಮುಗಿಸಿದ್ದನು. ಮುಂದೆ ಸೈನ್ಯದ ತೋಪುದಳವನ್ನು ಸೇರಲು ಅರ್ಜಿ ಮಾಡಿಕೊಂಡಾಗ, ಕುಲೀನ ವಂಶದಲ್ಲಿ ಹುಟ್ಟದವನೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಮನುಷ್ಯರು ಮನುಷ್ಯರಿಗೆ ಕಟ್ಟುವ ಮೇರೆಗಳು ಎಷ್ಟು ನಿಷ್ಕರುಣವಾಗಿರಬಹುದೆಂಬುದನ್ನು ಅವನು ಎಳೆಯ ವಯಸ್ಸಿನಲ್ಲಿಯೇ ಕಂಡುಕೊಂಡನು.

ಬೇರೆ ಮಾರ್ಗವಿಲ್ಲದೆ 1787ರಲ್ಲಿ ಅವನು ಲ್ವಾರ್ ನದೀತೀರದ ಸೇಂಟ್ ಬೆನ್ವಾ ಮಠವನ್ನು ಹೊಕ್ಕನು. ಆದರೆ ಮನಸ್ಸು ಗಣಿತದಲ್ಲಿಯೇ ಇದ್ದಿತು. ಸನ್ಯಾಸವ್ರತವನ್ನು ಸ್ವೀಕರಿಸುವುದಕ್ಕೆ ಮುಂಚೆಯೇ, 1789ರಲ್ಲಿ, ಮಠವನ್ನು ಬಿಟ್ಟು ಪಾರಿಸಿಗೆ ಬಂದು ಬೀಜಗಣಿತದ ಸಮೀಕರಣಗಳ ವಿಷಯವಾಗಿ ಒಂದು ಪ್ರಬಂಧವನ್ನು ವಿಜ್ಞಾನ ಪರಿಷತ್ತಿನ ಮುಂದಿಟ್ಟನು. ಅದೇ ವರುಷದಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಆರಂಭವಾಯಿತು. ಫೂರಿಯೇ ಹುಟ್ಟೂರಿಗೆ ಮರಳಿ, ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಕ್ರಾಂತಿಯ ಸಮತೆ ಸ್ವಾತಂತ್ರ್ಯಗಳ ತತ್ತ್ವವು ಅವನಿಗೆ ಪ್ರಿಯವಾಗಿದ್ದಿತು. 1793ರಲ್ಲಿ ಊರಿನ ಕ್ರಾಂತಿಸಮಿತಿಯನ್ನೂ ಸೇರಿದನು. ಆದರೆ ಕೊಲೆಗಳ ಭೀಕರತೆಯು ಹೆಚ್ಚಿದಂತೆ ಅವನ ಮನಸ್ಸು ಹಿಂಜರಿಯಿತು. ಅನ್ಯಾಯಕ್ಕೊಳಗಾದ ಕೆಲವರ ಪಕ್ಷವನ್ನು ಹಿಡಿದು ಮಾತನಾಡಿದ ತಪ್ಪಿಗೆ 1794ರಲ್ಲಿ ಅವನೇ ಸೆರೆಯಾದನು. ಗಿಲೊಟೀನಿನ ಕತ್ತಿಗೆ ಅವನ ಕೊರಳೂ ಆಹುತಿಯಾಗುತ್ತಿತ್ತೋ ಏನೋ. ಅಷ್ಟರಲ್ಲಿ ಜುಲೈ ತಿಂಗಳಿನ ಕೊನೆಯಲ್ಲಿ ರೋಬೆಸ್ಪಿಯೇರನ ಪತನವಾಗಿ ಫೂರಿಯೇಗೆ ಬಿಡುಗಡೆಯಾಯಿತು. ವಿಚಿತ್ರವೇನೆಂದರೆ, ಮರುವರುಷ ಆತನು ಅದೇ ರೋಬೆಸ್ಪಿಯೇರನ ಪಕ್ಷಪಾತಿಯಾಗಿದ್ದನೆಂಬ ಆರೋಪದ ಮೇಲೆ ಮತ್ತೊಮ್ಮೆ ಸೆರೆಮನೆಯನ್ನು ಕಂಡನು. ಎರಡು ಕಡೆಯವರಿಂದಲೂ ಶಂಕಿತನಾಗಿ ಎರಡು ಸಲವೂ ಬದುಕಿ ಉಳಿದನು.

ಈ ಎರಡು ಸೆರೆವಾಸಗಳ ನಡುವೆ, 1795ರ ಆರಂಭದಲ್ಲಿ, ಉಪಾಧ್ಯಾಯರನ್ನು ಸಿದ್ಧಪಡಿಸುವುದಕ್ಕಾಗಿ ಪಾರಿಸಿನಲ್ಲಿ ಸ್ಥಾಪಿತವಾದ ನಾರ್ಮಲ್ ಶಾಲೆಯಲ್ಲಿ ಅವನು ಲಗ್ರಾಂಜ್, ಲಪ್ಲಾಸ್, ಮೋಂಜ್ ಎಂಬ ಮಹಾಗಣಿತಜ್ಞರ ಪಾಠಗಳನ್ನು ಕೇಳಿದನು. ಬಳಿಕ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಅಧ್ಯಾಪಕನಾಗಿ, 1797ರಲ್ಲಿ ಲಗ್ರಾಂಜನ ಪೀಠಕ್ಕೇ ಉತ್ತರಾಧಿಕಾರಿಯಾದನು. 1798ರಲ್ಲಿ ಯಂತ್ರಶಾಸ್ತ್ರವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಗೋಡೆಗೆ ತಗಲಿ ನಿಂತ ವಸ್ತುವು ಗೋಡೆಯಿಂದ ಈಚೆಗೆ ಸರಿಯಬಹುದು, ಗೋಡೆಯೊಳಕ್ಕೆ ಹೋಗಲಾರದು. ಆದುದರಿಂದ ಇಂಥ ಸ್ಥಿತಿಯನ್ನು ಸಮೀಕರಣದಿಂದಲ್ಲ, ಅಸಮತೆಯಿಂದ ಹೇಳಬೇಕೆಂದು ಅದರಲ್ಲಿ ತೋರಿಸಿದನು. ಮುಂದೆ ಬೆಳೆಯತಕ್ಕ ಬೀಜವು ಅಲ್ಲಿಯೇ ಬಿದ್ದಿತೆನ್ನಬಹುದು.

ಆ ವರುಷವೇ ನೆಪೋಲಿಯನನು ಸೈನ್ಯದೊಡನೆ ಈಜಿಪ್ಟಿಗೆ ಹೊರಟನು. ಫೂರಿಯೇಯೂ ಇತರ ವಿದ್ವಾಂಸರೂ ಸಂಗಡ ಹೋಗಬೇಕಾಯಿತು. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಅವನು ಕಾರ್ಯದರ್ಶಿಯಾದನು. ಆ ದಂಡಯಾತ್ರೆಯು ಈಜಿಪ್ಟಿನ ಜನರು ಕರೆಯದೆ ಬಂದ ವಿಪತ್ತಾಗಿದ್ದಿತೆಂಬುದನ್ನು ನಾವು ಮರೆಯಲಾಗದು. ಅದರಿಂದ ಹುಟ್ಟಿದ ವಿದ್ಯಾಫಲವಾದರೋ ದೊಡ್ಡದು. ಆ ದೇಶದ ಪ್ರಾಚೀನ ಕಟ್ಟಡಗಳ, ಜನಜೀವನದ, ಪ್ರಕೃತಿಯ ವರ್ಣನೆಯುಳ್ಳ ಮಹಾಗ್ರಂಥಕ್ಕೆ ಪೀಠಿಕೆಯನ್ನು ಬರೆದವನು ಫೂರಿಯೇ. 1801ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿದನು. ಈಜಿಪ್ಟಿನ ಬಿಸಿಲಿಗೆ ಒಗ್ಗಿಹೋದ ಆತನ ದೇಹವು ಅಂದಿನಿಂದ ಚಳಿಯನ್ನು ಸಹಿಸದಾಯಿತೆಂದೂ, ಬೇಸಗೆಯಲ್ಲಿಯೂ ದಪ್ಪನೆಯ ಉಡುಪುಗಳನ್ನು ಹೊದ್ದುಕೊಳ್ಳುತ್ತಿದ್ದನೆಂದೂ ಹೇಳುವರು.

ಪಾಠ ಹೇಳುವ ಕೆಲಸಕ್ಕೆ ಮರಳಬೇಕೆಂಬುದು ಫೂರಿಯೇಯ ಆಶೆ. ಆದರೆ ನೆಪೋಲಿಯನನು 1802ರಲ್ಲಿ ಅವನನ್ನು ಇಸೇರ್ ಪ್ರಾಂತಕ್ಕೆ ಅಧಿಕಾರಿಯನ್ನಾಗಿ ಮಾಡಿ ಗ್ರೆನೋಬಲ್ ನಗರಕ್ಕೆ ಕಳುಹಿಸಿದನು. ಅಲ್ಲಿ ಬೂರ್ಗ್ವಾನ್ ಎಂಬಲ್ಲಿ ವಿಸ್ತಾರವಾದ ಜವುಗುನೆಲವಿದ್ದು, ಅದರಿಂದ ಸುತ್ತಲಿನ ಹಳ್ಳಿಗಳಲ್ಲಿ ಜ್ವರವು ಹರಡುತ್ತಿದ್ದಿತು. ನೀರನ್ನು ಬಸಿದು ತೆಗೆಯಬೇಕಾದರೆ ಸುಮಾರು 40 ಹಳ್ಳಿಗಳವರು ಒಪ್ಪಬೇಕು. ಪ್ರತಿಯೊಂದು ಹಳ್ಳಿಗೂ ತನ್ನ ಹಕ್ಕು, ತನ್ನ ಸಂಶಯ. ಫೂರಿಯೇ ಅವರವರ ಮನೆಬಾಗಿಲಿಗೆ ಹೋಗಿ, ತಾಳ್ಮೆಯಿಂದ ಮಾತನಾಡಿ, ಯಾರೂ ಬಿಟ್ಟುಕೊಡಲಾರದುದನ್ನು ಕೇಳದೆ, ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಏರ್ಪಾಟನ್ನು ಸಾಧಿಸಿದನು. ಜವುಗು ಬತ್ತಿ ಹೊಲವಾಯಿತು. ಮೇರೆಗಳೆಲ್ಲವನ್ನೂ ಒಟ್ಟಿಗೆ ಗೌರವಿಸುತ್ತ ನಡುವೆ ಉಳಿದ ಎಡೆಯನ್ನು ಹುಡುಕುವ ಗುಣವು ಅವನ ಆಡಳಿತದಲ್ಲಿಯೂ ಇದ್ದಿತೆಂದು ನಮಗೆ ತೋರುತ್ತದೆ.

ಹಗಲೆಲ್ಲ ಸರಕಾರದ ಕೆಲಸ. ಉಳಿದ ಹೊತ್ತಿನಲ್ಲಿ ಉಷ್ಣದ ವಿಚಾರ. ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಕಾಯಿಸಿದರೆ ಆ ಕಾವು ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಹರಿಯುವುದು ಎಂಬುದನ್ನು ಗಣಿತದಿಂದ ಹೇಳುವ ಮಾರ್ಗವನ್ನು ಅವನು ಕಂಡುಹಿಡಿದು, 1807ರಲ್ಲಿ ವಿದ್ವತ್ಪರಿಷತ್ತಿಗೆ ಒಪ್ಪಿಸಿದನು. ಎಂಥ ವಕ್ರವಾದ ಏರಿಳಿತವನ್ನಾದರೂ ಕ್ರಮಬದ್ಧವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂಬ ಅವನ ವಾದವನ್ನು ಗುರುವಾದ ಲಗ್ರಾಂಜನೇ ಒಪ್ಪಲಿಲ್ಲ. 1812ರಲ್ಲಿ ಅದೇ ವಿಷಯಕ್ಕೆ ಬಹುಮಾನವು ದೊರೆತರೂ, ತರ್ಕದಲ್ಲಿ ಕೊರತೆಯಿದೆಯೆಂಬ ಆಕ್ಷೇಪಣೆಯು ಅದರ ಜತೆಗೇ ಬಂತು. ಗ್ರಂಥವು ಅಚ್ಚಾಗಿ ಹೊರಬಂದುದು 1822ರಲ್ಲಿ. ಇಂದು ಧ್ವನಿ, ಬೆಳಕು, ವಿದ್ಯುತ್ತು ಇವುಗಳ ಶಾಸ್ತ್ರಗಳೆಲ್ಲ ಆ ಅಲೆಗಳ ಗಣಿತವನ್ನು ಆಶ್ರಯಿಸಿವೆ.

1815ರಲ್ಲಿ ನೆಪೋಲಿಯನನ ಕಾಲವು ಮುಗಿದಾಗ ಫೂರಿಯೇ ಪದವಿಯನ್ನೂ ವರಮಾನವನ್ನೂ ಕಳಕೊಂಡನು. ಆಗ ಅವನ ಹಳೆಯ ವಿದ್ಯಾರ್ಥಿಯೂ ಪಾರಿಸು ಸೇರಿದ ಪ್ರಾಂತದ ಅಧಿಕಾರಿಯೂ ಆಗಿದ್ದ ಶಾಬ್ರೋಲ್ ಎಂಬವನು ಗುರುವನ್ನು ಮರೆಯದೆ, ಅಂಕಿ ಅಂಶಗಳ ಕಚೇರಿಗೆ ಮುಖ್ಯಸ್ಥನನ್ನಾಗಿ ನೇಮಿಸಿದನು. 1816ರಲ್ಲಿ ವಿಜ್ಞಾನ ಪರಿಷತ್ತು ಫೂರಿಯೇಯನ್ನು ಸದಸ್ಯನನ್ನಾಗಿ ಆರಿಸಿದರೆ ದೊರೆಯು ಒಪ್ಪಲಿಲ್ಲ. 1817ರಲ್ಲಿ ಮತ್ತೆ ಆರಿಸಿದಾಗ ಒಪ್ಪಬೇಕಾಯಿತು. 1822ರಲ್ಲಿ ಅವನು ಅದರ ಶಾಶ್ವತ ಕಾರ್ಯದರ್ಶಿಯಾದನು.

ಈ ಕಾಲದಲ್ಲಿಯೇ ಅವನ ಮನಸ್ಸು ಅಸಮತೆಗಳ ಕಡೆಗೆ ಪೂರ್ಣವಾಗಿ ತಿರುಗಿತು. ಭಾರವನ್ನು ಹೊರುವ ಆಧಾರಗಳ ಬಲಕ್ಕೆ ಮಿತಿಯಿರುವಾಗ ಆ ಭಾರವನ್ನು ಎಲ್ಲಿಡಬಹುದು ಎಂಬಂಥ ಪ್ರಶ್ನೆಯನ್ನು ಅವನು 1826ರಲ್ಲಿ ಪ್ರಕಟವಾದ ಬರಹದಲ್ಲಿ ಎತ್ತಿಕೊಂಡನು. ಓದುವವರಿಗೆ ತಿಳಿಯಾಗುವುದಕ್ಕೋಸ್ಕರ ನಾವು ಸುಲಭವಾದ ಅಂಕೆಗಳನ್ನು ಆರಿಸಿಕೊಂಡು ಅದನ್ನು ಇಲ್ಲಿ ವಿವರಿಸುವೆವು. ಕಾಗದವನ್ನೂ ಸೀಸದ ಕಡ್ಡಿಯನ್ನೂ ಹಿಡಿದು ನಮ್ಮೊಡನೆ ಬರುವವರಿಗೆ ಶ್ರಮವು ವ್ಯರ್ಥವಾಗದು.

ಮೂರು ಮೂಲೆಯ ಒಂದು ಮೇಜನ್ನು ಭಾವಿಸೋಣ. ಅದರ ಒಂದು ಮೂಲೆಯು ಲಂಬಕೋನವಾಗಿದೆ. ಆ ಮೂಲೆಯಿಂದ ಪೂರ್ವಕ್ಕೆ 6 ಅಡಿ, ಉತ್ತರಕ್ಕೆ 6 ಅಡಿ ಉದ್ದದ ಅಂಚುಗಳಿವೆ. ಮೂರು ಮೂಲೆಗಳಲ್ಲಿಯೂ ಒಂದೊಂದು ಕಾಲು. ಪ್ರತಿಯೊಂದು ಕಾಲೂ 1 ಮಣದವರೆಗೆ ಭಾರವನ್ನು ತಾಳುವುದು, ಮೀರಿದರೆ ಮುರಿಯುವುದು. ಮೇಜಿನ ಸ್ವಂತ ಭಾರವನ್ನು ಲೆಕ್ಕಕ್ಕೆ ಹಿಡಿಯದಿರೋಣ. ಅದರ ಮೇಲೆ 2 ಮಣದ ಒಂದು ಗುಂಡನ್ನು ಇಡಬೇಕಾಗಿದೆ. ಎಲ್ಲಿ ಇಡಬಹುದು?

ಲಂಬಕೋನದ ಮೂಲೆಯಿಂದ ಗುಂಡು ಪೂರ್ವಕ್ಕೆ ಎಷ್ಟು ಅಡಿ ಸರಿದಿದೆಯೋ ಅದನ್ನು 'ಕ' ಎಂದೂ, ಉತ್ತರಕ್ಕೆ ಎಷ್ಟು ಅಡಿ ಸರಿದಿದೆಯೋ ಅದನ್ನು 'ಚ' ಎಂದೂ ಕರೆಯೋಣ. ಸನ್ನೆಕೋಲಿನ ನಿಯಮದಂತೆ ಪೂರ್ವದ ಕಾಲಿನ ಮೇಲೆ ಬೀಳುವ ಭಾರವು 'ಕ'ದ ಮೂರರಲ್ಲೊಂದು ಪಾಲು. ಉತ್ತರದ ಕಾಲಿನ ಮೇಲೆ ಬೀಳುವುದು 'ಚ'ದ ಮೂರರಲ್ಲೊಂದು ಪಾಲು. 2 ಮಣದಲ್ಲಿ ಉಳಿದುದನ್ನು ಲಂಬಕೋನದ ಮೂಲೆಯ ಕಾಲು ಹೊರಬೇಕು. ಯಾವ ಕಾಲಿನ ಮೇಲೂ 1 ಮಣ ಮೀರಬಾರದಷ್ಟೆ? ಹಾಗಾದರೆ 'ಕ'ವು 3ನ್ನು ಮೀರಬಾರದು. 'ಚ'ವು 3ನ್ನು ಮೀರಬಾರದು. 'ಕ' ಮತ್ತು 'ಚ' ಇವೆರಡರ ಮೊತ್ತವು 3ಕ್ಕಿಂತ ಕಡಮೆಯಾಗಬಾರದು. ಇವೇ ನಮ್ಮ ಮೂರು ಅಸಮತೆಗಳು.

ಇನ್ನು ಚೌಕಳಿ ಕಾಗದದ ಮೇಲೆ ಮೇಜಿನ ಆಕಾರವನ್ನು ಬರೆದು, ಮೊದಲು ಅಸಮತೆಗಳನ್ನು ಸಮೀಕರಣಗಳೆಂದೇ ಭಾವಿಸಿ ಮೂರು ಗೆರೆಗಳನ್ನು ಎಳೆಯಬೇಕು. 'ಕ'ವು 3 ಆಗಿರುವ ಗೆರೆಯು ನೆಟ್ಟಗೆ ಮೇಲಕ್ಕೆ ಹೋಗುವುದು; 'ಚ'ವು 3 ಆಗಿರುವ ಗೆರೆಯು ಅಡ್ಡಲಾಗಿ ಹೋಗುವುದು; ಮೊತ್ತವು 3 ಆಗಿರುವ ಗೆರೆಯು ಓರೆಯಾಗಿ ಎರಡು ಅಂಚುಗಳನ್ನು ಕೂಡಿಸುವುದು. ಪ್ರತಿಯೊಂದು ಗೆರೆಯೂ ಕಾಗದವನ್ನು ಎರಡು ಪಾಲಾಗಿ ಒಡೆಯುವುದು. ಯಾವ ಪಾಲನ್ನು ಇಟ್ಟುಕೊಳ್ಳಬೇಕೆಂದು ತಿಳಿಯಲು ಗೆರೆಯ ಮೇಲಿಲ್ಲದ ಒಂದು ಬಿಂದುವನ್ನು ಪರೀಕ್ಷಿಸಿದರೆ ಸಾಕು. ಲಂಬಕೋನದ ಮೂಲೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಎರಡೂ ಸೊನ್ನೆ. ಸೊನ್ನೆಯು 3ನ್ನು ಮೀರದು. ಆದುದರಿಂದ ಮೊದಲನೆಯ ಎರಡು ಗೆರೆಗಳಲ್ಲಿ ಆ ಮೂಲೆಯಿರುವ ಪಾಲೇ ನಮ್ಮದು. ಮೂರನೆಯದರಲ್ಲಾದರೋ ಮೊತ್ತವು 3ಕ್ಕೆ ಕಡಮೆಯಾಗಬಾರದೆಂದಿರುವಾಗ ಸೊನ್ನೆಯು ಸಲ್ಲದು. ಅಲ್ಲಿ ಗೆರೆಯ ಆಚೆಯ ಪಾಲು ನಮ್ಮದು. ಮೂರಕ್ಕೂ ಸಲ್ಲುವ ಭಾಗಕ್ಕೆ ಬಣ್ಣವನ್ನು ಬಳಿದರೆ, ಮೇಜಿನ ಮೂರು ಅಂಚುಗಳ ನಟ್ಟನಡುವಿನ ಬಿಂದುಗಳನ್ನು ಕೂಡಿಸಿದ ಒಂದು ಸಣ್ಣ ತ್ರಿಕೋಣವು ಎದ್ದು ಕಾಣುವುದು. ಅದರೊಳಗೆ ಅಥವಾ ಅದರ ಅಂಚಿನ ಮೇಲೆ ಎಲ್ಲಿಯಾದರೂ ಗುಂಡನ್ನು ಇಡಬಹುದು. ಹೊರಗೆ ಇಟ್ಟರೆ ಯಾವುದಾದರೊಂದು ಕಾಲು ಮುರಿಯುವುದು ನಿಶ್ಚಯ.

ಇಷ್ಟಕ್ಕೇ ನಿಲ್ಲದೆ ಭಾರವನ್ನು ಹೆಚ್ಚಿಸಿ ನೋಡೋಣ. ಗುಂಡು 3 ಮಣದ್ದಾದರೆ ಮೇರೆಗಳು ಬಿಗಿಯಾಗುತ್ತ ಬಂದು, ಬಣ್ಣದ ಪ್ರದೇಶವು ಒಂದೇ ಬಿಂದುವಾಗಿ ಕುಗ್ಗುವುದು; ಪೂರ್ವಕ್ಕೆ 2 ಅಡಿ, ಉತ್ತರಕ್ಕೆ 2 ಅಡಿ, ಅಂದರೆ ತ್ರಿಕೋಣದ ಗುರುತ್ವಕೇಂದ್ರವೇ ಅದು. ಭಾರವು 3 ಮಣವನ್ನು ಕೊಂಚ ಮೀರಿದರೂ ಸಾಕು, ಒಂದು ಬಿಂದುವೂ ಉಳಿಯದು. ಹೀಗೆ ಅಸಮತೆಗಳ ಕೂಟಕ್ಕೆ ಉತ್ತರವು ಬಯಲಾಗಿರಬಹುದು, ಬಿಂದುವಾಗಿರಬಹುದು, ಇಲ್ಲವೇ ಉತ್ತರವೇ ಇಲ್ಲದಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ಚಿತ್ರವು ಕಣ್ಣಿಗೆ ತೋರಿಸಿಕೊಡುವುದು.

ಮತ್ತೊಂದು ಸಂಗತಿಯುಂಟು. 2 ಮಣದ ಗುಂಡಿನ ಲೆಕ್ಕದಲ್ಲಿಯೇ, ಲಂಬಕೋನದ ಮೂಲೆಯ ಕಾಲಿಗೆ ಆದಷ್ಟು ಕಡಮೆ ಭಾರವು ಬೀಳಬೇಕೆಂದು ಬಯಸಿದರೆ ಎಲ್ಲಿಡಬೇಕು? ಬಣ್ಣದ ತ್ರಿಕೋಣದ ಮೂರು ಮೂಲೆಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕಾಗುವುದು. ಪೂರ್ವಕ್ಕೆ 3 ಅಡಿ, ಉತ್ತರಕ್ಕೆ 3 ಅಡಿ ಇರುವ ಮೂಲೆಯಲ್ಲಿಟ್ಟರೆ ಆ ಕಾಲಿನ ಮೇಲೆ ಭಾರವೇ ಬೀಳುವುದಿಲ್ಲ. ಸರಳರೇಖೆಗಳಿಂದ ಸುತ್ತುವರಿದ ಇಂಥ ಪ್ರದೇಶದಲ್ಲಿ ಅತಿ ಹೆಚ್ಚು ಅಥವಾ ಅತಿ ಕಡಮೆ ಎಂಬುದನ್ನು ಹುಡುಕುವವರು ಒಳಗಿನ ಬಿಂದುಗಳನ್ನೆಲ್ಲ ಅಲೆಯಬೇಕಾಗಿಲ್ಲ. ಯಾವುದಾದರೊಂದು ಮೂಲೆಯಲ್ಲಿ ಅದು ದೊರೆತೇ ದೊರೆಯುವುದು.

ಫೂರಿಯೇ ಇದನ್ನು ಕಾಗದದ ಮೇಲಿನಿಂದ ಎತ್ತಿ ಆಕಾಶದಲ್ಲಿಯೂ ಕಂಡನು. ನಕ್ಷತ್ರಗಳನ್ನೋ ಭೂಮಿಯನ್ನೋ ಅಳೆಯುವವರು ಅನೇಕ ಸಲ ಅಳೆದರೆ ಅಳತೆಗಳು ಒಂದಕ್ಕೊಂದು ಸ್ವಲ್ಪ ಭೇದಿಸುವುವು. ಅತಿ ದೊಡ್ಡ ತಪ್ಪು ಆದಷ್ಟು ಸಣ್ಣದಾಗುವಂತೆ ಉತ್ತರವನ್ನು ಆರಿಸುವುದು ಹೇಗೆ? ಒಂದೊಂದು ಅಳತೆಯೂ ಒಂದೊಂದು ಓರೆಯಾದ ಹಲಗೆಯಂತೆ. ಎಲ್ಲ ಹಲಗೆಗಳ ಮೇಲ್ಗಡೆ ಉಳಿಯುವ ಸ್ಥಳವು ಅನೇಕ ಮುಖಗಳುಳ್ಳ ಒಂದು ಬೋಗುಣಿಯಂತೆ ಆಗುವುದು. ಅದರ ತಳದ ಅತಿ ಕೆಳಗಿನ ಮೂಲೆಯೇ ಬೇಕಾದ ಉತ್ತರ. ಬೋಗುಣಿಯ ಒಂದು ಅಂಚಿನಿಂದ ಇಳಿದು ಒಂದು ಮೂಲೆಗೆ, ಅಲ್ಲಿಂದ ಮತ್ತೊಂದು ಅಂಚಿನಿಂದ ಇನ್ನೂ ಕೆಳಗಿನ ಮೂಲೆಗೆ, ಹೀಗೆ ಇಳಿಯುತ್ತ ಹೋದರೆ ತಳವು ಸಿಕ್ಕುವುದೆಂದು ಅವನು ವಿವರಿಸಿದನು. ಚಿತ್ರವನ್ನು ಬರೆಯಲಾಗದಷ್ಟು ಅವ್ಯಕ್ತಗಳಿರುವಾಗ, ಒಂದು ಅವ್ಯಕ್ತಕ್ಕಿರುವ ಕೆಳಮೇರೆಗಳಲ್ಲಿ ಪ್ರತಿಯೊಂದೂ ಅದರ ಮೇಲ್ಮೇರೆಗಳಲ್ಲಿ ಪ್ರತಿಯೊಂದನ್ನೂ ಮೀರಬಾರದೆಂದು ಬರೆದು, ಆ ಅವ್ಯಕ್ತವನ್ನು ತೊಲಗಿಸುವ ಉಪಾಯವನ್ನೂ ಹೇಳಿದನು.

ಪರಿಷತ್ತಿನ ಕಾರ್ಯದರ್ಶಿಯಾಗಿ ಅವನು ಮಾಡಿದ ಇನ್ನೊಂದು ಕಾರ್ಯವನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ಬರೆಯದೆ ಬಿಡಲಾಗದು. ಪಾರಿಸಿನಲ್ಲಿ 1776ರಲ್ಲಿ ಹುಟ್ಟಿದ ಸೋಫೀ ಜೆರ್ಮೇನ್ ಎಂಬಾಕೆಯು ಚಿಕ್ಕಂದಿನಲ್ಲಿ ತಾಯಿತಂದೆಗಳು ಬೇಡವೆಂದರೂ ರಾತ್ರಿಯಲ್ಲಿ ಮೇಣಬತ್ತಿಯನ್ನು ಅಡಗಿಸಿಟ್ಟುಕೊಂಡು ಗಣಿತವನ್ನು ಓದಿದವಳು. ಪಾಲಿಟೆಕ್ನಿಕ್ ವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದುದರಿಂದ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು, ಒಬ್ಬ ಪುರುಷನ ಹೆಸರಿನಿಂದ ಲಗ್ರಾಂಜನಿಗೆ ಬರೆದು ಕಳುಹಿಸಿದಳು. ಕಂಪಿಸುವ ತಗಡುಗಳ ಶಾಸ್ತ್ರಕ್ಕಾಗಿ 1816ರಲ್ಲಿ ಪರಿಷತ್ತಿನ ಬಹುಮಾನವನ್ನು ಪಡೆದಳು. ಆದರೂ ಆ ಪರಿಷತ್ತಿನ ಸಭೆಯಲ್ಲಿ ಆಕೆಗೆ ಒಂದು ಪೀಠವಿರಲಿಲ್ಲ. 1823ರಲ್ಲಿ ಫೂರಿಯೇ ಆಕೆಗಾಗಿ ಸಾರ್ವಜನಿಕ ಸಭೆಗಳಲ್ಲಿ ಒಂದು ಸ್ಥಳವನ್ನು ಗೊತ್ತುಮಾಡಿಸಿದನು. ಕುಲದ ಮೇರೆಯಿಂದ ಒಮ್ಮೆ ಹೊರಗಿಡಲ್ಪಟ್ಟವನು ಮತ್ತೊಬ್ಬಳನ್ನು ಹೊರಗಿಟ್ಟ ಮೇರೆಯನ್ನು ಕಂಡು ಸುಮ್ಮನಿರಲಿಲ್ಲ. ಮೇಣಬತ್ತಿಯ ತುಂಡಿನಲ್ಲಿ ಓದಿದ ಅನಾಥನು, ಅಡಗಿಸಿಟ್ಟ ಬತ್ತಿಯಲ್ಲಿ ಓದಿದ ಹುಡುಗಿಯನ್ನು ಅರಿತುಕೊಂಡನೆನ್ನಬೇಕು.

1830ನೆಯ ಇಸವಿ ಮೇ ತಿಂಗಳ 16ರಂದು ಫೂರಿಯೇ ಪಾರಿಸಿನಲ್ಲಿ ಮೃತನಾದನು. ಸಮೀಕರಣಗಳ ಮೇಲೆ ಅವನು ಬರೆಯುತ್ತಿದ್ದ ಗ್ರಂಥವು ಅಪೂರ್ಣವಾಗಿ ಉಳಿದು, ಮರುವರುಷ ಅವನ ಶಿಷ್ಯನಾದ ನಾವಿಯೇಯಿಂದ ಪ್ರಕಟವಾಯಿತು. ಅಸಮತೆಗಳ ವಿಷಯವು ಬಿಡಿಬಿಡಿಯಾದ ಸಣ್ಣ ಬರಹಗಳಲ್ಲಿಯೇ ಉಳಿದುಕೊಂಡಿತು. 1888ರಲ್ಲಿಯೂ 1890ರಲ್ಲಿಯೂ ಅವನ ಕೃತಿಗಳನ್ನು ಎರಡು ಸಂಪುಟಗಳಾಗಿ ಸಂಪಾದಿಸಿದ ದಾರ್ಬೂ ಎಂಬ ಹೆಸರಾಂತ ಗಣಿತಜ್ಞನು ಆ ಬರಹಗಳನ್ನು ಸೇರಿಸಿದನಾದರೂ, ಫೂರಿಯೇ ಅವಕ್ಕೆ ಅತಿಶಯವಾದ ಮಹತ್ವವನ್ನು ಕೊಟ್ಟನೆಂದೇ ಅಭಿಪ್ರಾಯಪಟ್ಟನು. ದೊಡ್ಡ ಪಂಡಿತನ ಕಣ್ಣಿಗೂ ಆ ಬೀಜದೊಳಗಿನ ಮರವು ಕಾಣಿಸಲಿಲ್ಲ.

ಕಾಲವು ಬೇರೆ ತೀರ್ಪನ್ನು ಕೊಟ್ಟಿತು. ಹಂಗೇರಿಯ ಫಾರ್ಕಶ್ ಎಂಬವನು ಫೂರಿಯೇಯ ಯಂತ್ರಶಾಸ್ತ್ರದ ಅಸಮತೆಯನ್ನು ಹಿಡಿದು ಬೆಳೆಸಿ 1902ರಲ್ಲಿ ಒಂದು ಮುಖ್ಯ ಸಿದ್ಧಾಂತವನ್ನು ಪ್ರಕಟಿಸಿದನು. ಅವ್ಯಕ್ತಗಳನ್ನು ತೊಲಗಿಸುವ ಉಪಾಯವನ್ನು 1936ರಲ್ಲಿ ಮೋಟ್ಸ್‌ಕಿನ್ ಎಂಬವನು ಮತ್ತೆ ಕಂಡುಕೊಂಡುದರಿಂದ ಅದು ಇಬ್ಬರ ಹೆಸರನ್ನೂ ಹೊತ್ತಿದೆ. 1939ರಲ್ಲಿ ರಷ್ಯಾದ ಕಾಂಟರೋವಿಚ್ ಎಂಬವನು ಕಾರ್ಖಾನೆಯ ಯಂತ್ರಗಳಿಗೆ ಕೆಲಸವನ್ನು ಹಂಚುವ ಪ್ರಶ್ನೆಯನ್ನು ಇದೇ ಬಗೆಯಲ್ಲಿ ಬಿಡಿಸಿದನು. 1947ರಲ್ಲಿ ಅಮೆರಿಕದ ಡಾಂಟ್ಸಿಗ್ ಎಂಬವನು ಮೂಲೆಯಿಂದ ಮೂಲೆಗೆ ಅಂಚನ್ನು ಹಿಡಿದು ಸಾಗುವ ಕ್ರಮವನ್ನು ಸಾವಿರಾರು ಅವ್ಯಕ್ತಗಳಿಗೂ ಸಲ್ಲುವಂತೆ ವ್ಯವಸ್ಥೆಗೊಳಿಸಿದನು. ಫೂರಿಯೇಯ ಬೋಗುಣಿಯಲ್ಲಿ ಇಳಿಯುವ ದಾರಿಯೇ ಅದರ ಪೂರ್ವಜ. ಇಂದು ವಿಮಾನಗಳ ವೇಳೆಯನ್ನು ಗೊತ್ತುಮಾಡುವವರೂ, ಎಣ್ಣೆಯನ್ನು ಶುದ್ಧಿಮಾಡುವ ಕಾರ್ಖಾನೆಯವರೂ, ಕಡಮೆ ವೆಚ್ಚದಲ್ಲಿ ಪುಷ್ಟಿಕರವಾದ ಆಹಾರವನ್ನು ಯೋಜಿಸುವವರೂ ಈ ಗಣಿತವನ್ನು ಕಂಪ್ಯೂಟರುಗಳ ನೆರವಿನಿಂದ ಬಳಸುತ್ತಾರೆ. ಹೈಸ್ಕೂಲಿನ ಹುಡುಗಿಯರು ಚೌಕಳಿ ಕಾಗದದ ಮೇಲೆ ಬಣ್ಣವನ್ನು ತುಂಬುತ್ತ ಅದರ ಮೊದಲ ಪಾಠವನ್ನು ಕಲಿಯುತ್ತಾರೆ.

ಈ ಪಾಠವು ಪರೀಕ್ಷೆಯ ಕೆಲವು ಅಂಕಗಳಿಗಾಗಿ ಮಾತ್ರ ಇರುವುದೆಂದು ಮಕ್ಕಳ ತಾಯಿತಂದೆಗಳು ತಿಳಿಯಬಾರದೆಂದು ನಾವು ಬೇಡುತ್ತೇವೆ. ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಕೇಳುವವರು ಒಂದು ಕಾಲದಲ್ಲಿ ಬಹುಮಂದಿಯಿದ್ದರು. ಆ ಪ್ರಶ್ನೆಯು ಕೆಲವು ಮನೆಗಳಲ್ಲಿ ಇನ್ನೂ ಸಣ್ಣ ದನಿಯಲ್ಲಿ ಕೇಳಿಬರುವುದು. ಬದುಕಿನಲ್ಲಿ ಕೆಲವು ಮೇರೆಗಳು ನಿಜವಾದವು. ಮೇಜಿನ ಕಾಲಿನ ಬಲದಂತೆ ಅವನ್ನು ಅರಿತು ನಡೆಯಬೇಕು. ಕೆಲವು ಮೇರೆಗಳು ಮನುಷ್ಯರು ಸುಮ್ಮನೆ ಎಳೆದವು. ಸೋಫೀ ಜೆರ್ಮೇನಳಿಗೆ ಸಭೆಯಲ್ಲಿ ಸ್ಥಳವಿಲ್ಲವೆಂದ ಗೆರೆಯಂತೆ ಅವನ್ನು ಅಳಿಸಬೇಕು. ಎರಡನ್ನೂ ಬೇರ್ಪಡಿಸಿ ಕಾಣುವ ಕಣ್ಣು ಸುಲಭವಾಗಿ ಬರುವುದಿಲ್ಲ. ಗೆರೆಯನ್ನೆಳೆದು, ಒಂದು ಬಿಂದುವನ್ನು ಪರೀಕ್ಷಿಸಿ, ಯಾವ ಪಾಲು ತನ್ನದೆಂದು ತಾನೇ ನಿರ್ಣಯಿಸುವ ಹುಡುಗಿಯು ಆ ಕಣ್ಣನ್ನು ಪಡೆಯತೊಡಗುವಳು. ದರ್ಜಿಯ ಮಗನಾದ ಫೂರಿಯೇ ತನ್ನ ಮುಪ್ಪಿನಲ್ಲಿ ಬಿಟ್ಟುಹೋದ ಆ ಸಣ್ಣ ಬರಹಗಳಿಗೆ, ಅವನ ಕಾಲದವರು ಕೊಡದ ಗೌರವವನ್ನು ಅವರು ಕೊಡಲಿ.